ಪ್ರತಿದಾವೆ ಬಿದ್ದುಹೋದ ಮೇಲೆ



ವಿದ್ಯೆಗೆಂದೊ ಉದ್ಯೋಗಕ್ಕೆಂದೊ ನಮ್ಮ ನಾಡಿನಿಂದ ಹೊರಟು ಇಂಗ್ಲೆಂಡಿನ ರೀಡಿಂಗ್, ಮಿಲ್ಟನ್ ಕೀನ್ಸ್, ಮ್ಯಾಂಚೆಸ್ಟರ್ ಮೊದಲಾದ ಪಟ್ಟಣಗಳಲ್ಲಿ ಸಂಸಾರ ಹೂಡಿ ನೆಲೆನಿಂತಿರುವ ಮಕ್ಕಳು, ಅಳಿಯಂದಿರು, ಸೋದರಳಿಯಂದಿರು ಆಗೊಮ್ಮೆ ಈಗೊಮ್ಮೆ ದೂರವಾಣಿಯಲ್ಲಿ ತೋಡಿಕೊಳ್ಳುವ ಕಷ್ಟಗಳ ಪೈಕಿ, ಕಾರು ನಿಲ್ಲಿಸಿದುದಕ್ಕಾಗಿ ಬಂದ ಕೋರ್ಟಿನ ಕಾಗದವೂ ಒಂದು. ಅಂಗಡಿಯ ಮುಂದಣ ಬಯಲಿನಲ್ಲಿ ಕಾರು ನಿಲ್ಲಿಸಿ, ಹಾಲು ತರಕಾರಿಗಳನ್ನು ಕೊಂಡು, ಗೊತ್ತುಪಡಿಸಿದ ಹೊತ್ತಿಗಿಂತ ಕಾಲು ಗಂಟೆ ತಡವಾಗಿ ಹೊರಬಂದ ಮಾತ್ರಕ್ಕೆ ಒಬ್ಬ ಸಭ್ಯ ಗೃಹಸ್ಥನ ಮೇಲೆ ದಾವೆ ಹೂಡಬಹುದೆ ಎಂದು ಇಲ್ಲಿ ಕುಳಿತ ನಮಗೆ ಆಶ್ಚರ್ಯವೆನಿಸೀತು. ಹೂಡಬಹುದು, ಹೂಡುತ್ತಲೂ ಇದ್ದಾರೆ. ಆ ದಾವೆಗೆ ಉತ್ತರ ಕೊಡುವಾಗ, ತನಗಾದ ಮನೋವ್ಯಥೆಗೆ ಪರಿಹಾರ ಬೇಕೆಂದು ಗೃಹಸ್ಥನು ಕಂಪನಿಯ ಮೇಲೆ ತಿರುಗಿ ಹೂಡುವ ಪ್ರತಿದಾವೆಯೂ, ನ್ಯಾಯಾಧೀಶರು ಆ ಪ್ರತಿದಾವೆಯನ್ನು ಕಡತದಿಂದ ಹೊಡೆದುಹಾಕಿದ ತರುವಾಯ ಅವನು ಮಾಡತಕ್ಕದ್ದೇನೆಂಬುದೂ ಈ ಹೊತ್ತಿನ ನನ್ನ ಮಾತಿನ ವಿಷಯ.

ಸಾರ್ವಜನಿಕ ಬೀದಿಯಲ್ಲಿ ನಗರಸಭೆ ಹಾಕುವ ದಂಡದ ದಾರಿಯೇ ಬೇರೆ. ಅದರ ಗೊಡವೆ ನಮಗೆ ಇಂದು ಬೇಡ. ಖಾಸಗಿ ನೆಲದ ಮಾತು ಕರಾರಿನ ಮಾತು. ನೆಲದ ಒಡೆಯನಿಂದ ಅಧಿಕಾರ ಪಡೆದ ಕಂಪನಿಯು ಅಲ್ಲಲ್ಲಿ ಫಲಕಗಳನ್ನು ನೆಟ್ಟು, ಇಷ್ಟು ಹೊತ್ತು ನಿಲ್ಲಿಸಬಹುದು, ಮೀರಿದರೆ ಇಷ್ಟು ತೆರಬೇಕು ಎಂದು ಬರೆಸಿರುತ್ತದೆ. ಆ ಫಲಕದ ಎದುರಿಗೆ ಕಾರು ನಿಲ್ಲಿಸಿದವನು ಅದರ ನಿಬಂಧನೆಗಳಿಗೆ ಒಪ್ಪಿದನೆಂಬುದು ಕಾನೂನಿನ ಭಾವನೆ. ಹಿಂದೆ ಇಂಥ ಕಂಪನಿಗಳವರು ಕಾರಿನ ಚಕ್ರಕ್ಕೆ ಕಬ್ಬಿಣದ ಬೀಗ ತೊಡಿಸಿ, ಹಣ ಕೊಟ್ಟಲ್ಲದೆ ಬಿಡುವುದಿಲ್ಲವೆಂದು ನಿಲ್ಲುತ್ತಿದ್ದರು. 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಆ ಬೀಗವನ್ನು ಹೊಸ ಅಧಿನಿಯಮವೊಂದು ನಿಷೇಧಿಸಿತು. ಅದೇ ಅಧಿನಿಯಮ ತನ್ನ 4ನೆಯ ಅನುಸೂಚಿಯಲ್ಲಿ ಕಂಪನಿಗಳ ಕೈಗೆ ಮತ್ತೊಂದು ಅಸ್ತ್ರವನ್ನು ಅದೇ ದಿನ ಇತ್ತಿತು. ಕಾರನ್ನು ಓಡಿಸಿದವರಾರೆಂದು ತಿಳಿಯದಿದ್ದ ಪಕ್ಷದಲ್ಲಿ, ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಂದಲೇ ಹಣ ಕೇಳಬಹುದೆಂಬುದು ಆ ಅಸ್ತ್ರ. ಸ್ವಾನ್ಸೀ ಪಟ್ಟಣದಲ್ಲಿರುವ ವಾಹನ ನೋಂದಣಿ ಇಲಾಖೆಗೆ ಎರಡೂವರೆ ಪೌಂಡು ತೆತ್ತರೆ ನೋಂದಾಯಿತರ ಹೆಸರು ವಿಳಾಸಗಳು ಕಂಪನಿಗೆ ದೊರೆಯುತ್ತವೆ. ಆದರೆ ಈ ಅಸ್ತ್ರಕ್ಕೆ ಕಟ್ಟುಪಾಡುಗಳುಂಟು: ಗಾಜಿಗೆ ಚೀಟಿ ಅಂಟಿಸದೆ ಕ್ಯಾಮೆರಾದ ಚಿತ್ರವನ್ನೇ ನೆಚ್ಚಿದ ಕಂಪನಿಯ ನೋಟೀಸು 14 ದಿನದೊಳಗೆ ತಲುಪಬೇಕು, ನೋಂದಾಯಿತನಿಂದ ಕೇಳಬಹುದಾದ ಮೊತ್ತವು ಆ ನೋಟೀಸಿನಲ್ಲಿ ಕಾಣಿಸಿದ ಮೊತ್ತವನ್ನು ಮೀರಕೂಡದು. ಈ ಎರಡನೆಯ ಮಾತು ಮುಂದೆ ಉಪಯೋಗಕ್ಕೆ ಬರತಕ್ಕದ್ದು.

ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ, ಬಾನುಲಿಗೂ ಕಾರು ನಿಲ್ಲಿಸುವುದಕ್ಕೂ ಗಂಟುಬಿದ್ದ ಒಂದು ಹಳೆಯ ಮೊಕದ್ದಮೆಯನ್ನು ಹೇಳದೆ ಮುಂದುವರಿಯಲು ಮನಸ್ಸು ಒಪ್ಪದು. 1964ರಲ್ಲಿ ಥಾರ್ನ್‌ಟನ್ ಎಂಬ ಉತ್ತಮ ತುತ್ತೂರಿ ವಾದಕನು ಬಿ.ಬಿ.ಸಿ.ಯ ಕಾರ್ಯಕ್ರಮವೊಂದಕ್ಕಾಗಿ ಲಂಡನ್ನಿಗೆ ಬಂದು, ಯಂತ್ರವೇ ಚೀಟಿ ಕೊಡುವ ಹೊಸ ಬಗೆಯ ಬಹುಮಹಡಿ ನಿಲ್ದಾಣದಲ್ಲಿ ಕಾರು ಬಿಟ್ಟನು. ಕಾರನ್ನು ಮರಳಿ ಪಡೆಯಲು ಬಂದಾಗ ಅಲ್ಲಿ ಅಪಘಾತವಾಗಿ ಅವನಿಗೆ ಬಲವಾದ ಪೆಟ್ಟಾಯಿತು. ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸೂಚಿಸಿ, ಒಳಗೋಡೆಯಲ್ಲಿ ತೂಗುಹಾಕಿದ್ದ ಷರತ್ತಿನ ಪ್ರಕಾರ ತಾವು ಹೊಣೆಯಲ್ಲವೆಂದು ನಿಲ್ದಾಣದವರು ವಾದಿಸಿದರು. ಲಾರ್ಡ್ ಡೆನ್ನಿಂಗ್ ಮೊದಲಾದ ಮೇಲ್ಮನವಿ ನ್ಯಾಯಾಧೀಶರು ಆ ವಾದವನ್ನು ಒಪ್ಪಲಿಲ್ಲ: ಯಂತ್ರ ಚೀಟಿಯನ್ನು ಹೊರಚಾಚುವ ವೇಳೆಗೆ ಕರಾರು ಏರ್ಪಟ್ಟಿರುತ್ತದೆ, ಆಮೇಲೆ ತೋರಿಸಿದ ಷರತ್ತು ಅವನನ್ನು ಕಟ್ಟಲಾರದು. ಥಾರ್ನ್‌ಟನ್ನನಿಗೆ 3,637 ಪೌಂಡು 6 ಷಿಲಿಂಗು 11 ಪೆನ್ನಿಯ ಪರಿಹಾರ ಉಳಿಯಿತು. ಫಲಕವು ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ಮೊದಲೇ ಕಾಣುತ್ತಿತ್ತೆ ಎಂಬ ಪ್ರಶ್ನೆಗಳನ್ನು ಇಂದಿಗೂ ಪ್ರತಿವಾದಿಗಳು ಎತ್ತುವುದು ಆ ತುತ್ತೂರಿಯವನ ಪುಣ್ಯದಿಂದ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ 2015ರ ನವೆಂಬರ್ 4ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಬೀವಿಸ್ ತೀರ್ಪು ಕುಳಿತಿದೆ. ಚೆಲ್ಮ್‌ಸ್‌ಫರ್ಡ್ ಪಟ್ಟಣದ ಅಂಗಡಿ ಸಮುಚ್ಚಯವೊಂದರಲ್ಲಿ ಎರಡು ಗಂಟೆ ಉಚಿತವಾಗಿದ್ದ ಕಡೆ, ಮೀನು ಖಾದ್ಯದ ಅಂಗಡಿಯಿಟ್ಟಿದ್ದ ಬ್ಯಾರಿ ಬೀವಿಸ್ 56 ನಿಮಿಷ ಹೆಚ್ಚಾಗಿ ನಿಂತುದಕ್ಕೆ 85 ಪೌಂಡು ಕೇಳಿದ್ದು ದಂಡದ ಸ್ವರೂಪದ್ದೆಂದು ಅವರ ವಾದ. ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಅದನ್ನು ತಳ್ಳಿಹಾಕಿದರು. ಲಾರ್ಡ್ ಟೌಲ್ಸನ್ ಒಬ್ಬರೇ ಭಿನ್ನರಾದರು. ನಿಲುಗಡೆಯ ಶಿಸ್ತನ್ನು ಕಾಯುವುದರಲ್ಲಿ ಕಂಪನಿಗೆ ನ್ಯಾಯಸಮ್ಮತ ಹಿತವುಂಟು, ಫಲಕಗಳು ದೊಡ್ಡವಾಗಿಯೂ ಸ್ಪಷ್ಟವಾಗಿಯೂ ಇದ್ದುವು, ಆದಕಾರಣ ಮೊತ್ತ ಊರ್ಜಿತ ಎಂದು ಬಹುಮತದವರು ಹೇಳಿದರು. ಅಲ್ಲಿಂದೀಚೆಗೆ, ‘ನೆಲದ ಒಡೆಯನಿಗೆ ಒಂದು ಕಾಸೂ ನಷ್ಟವಾಗಲಿಲ್ಲ’ ಎಂಬ ಒಂದೇ ಮಾತನ್ನು ಹಿಡಿದು ಕೋರ್ಟಿಗೆ ಹೋದವನಿಗೆ ಸೋಲು ಬಹುಮಟ್ಟಿಗೆ ನಿಶ್ಚಿತ.

ಈಗ ಒಂದು ಕಲ್ಪಿತ ಪ್ರಕರಣವನ್ನು ಮುಂದಿಟ್ಟುಕೊಳ್ಳೋಣ. ರೀಡಿಂಗ್ ಪಟ್ಟಣದಲ್ಲಿರುವ ನಮ್ಮ ಕಡೆಯ ಗೃಹಸ್ಥನೊಬ್ಬನಿಗೆ 100 ಪೌಂಡಿನ ನೋಟೀಸು ಬಂದಿತು. ಹದಿನಾಲ್ಕು ದಿನದೊಳಗಾದರೆ 60 ಸಾಕೆಂದು ಅದರಲ್ಲಿಯೇ ಬರೆದಿತ್ತು. ಅನ್ಯಾಯವೆಂದು ಅವನು ಕಟ್ಟಲಿಲ್ಲ. ವಸೂಲಿಯವರ ಪತ್ರಗಳು ಒಂದರ ಮೇಲೊಂದು ಬಂದುವು, ಒಂದೊಂದಕ್ಕೂ ಬಣ್ಣ ಏರುತ್ತ ಹೋಯಿತು. ಕಡೆಗೆ ನಾರ್ಥಾಂಪ್ಟನ್ನಿನಲ್ಲಿರುವ ಸಿವಿಲ್ ದಾವೆಗಳ ಕೇಂದ್ರ ಕಚೇರಿಯಿಂದ ದಾವೆಯ ಅರ್ಜಿಯೇ ಬಂದಿತು. ಅದರ ಕೆಳಮೂಲೆಯಲ್ಲಿ ಲೆಕ್ಕ: ಮೂಲ ಮೊತ್ತ 100 ಪೌಂಡು, ವಸೂಲಿ ಖರ್ಚೆಂದು 70, ಕೋರ್ಟು ಶುಲ್ಕ 35, ವಕೀಲರ ನಿಶ್ಚಿತ ಖರ್ಚು 50, ಇವಲ್ಲದೆ ನೂರಕ್ಕೆ ಎಂಟರಂತೆ ಬಡ್ಡಿ. ಅರವತ್ತಕ್ಕೆ ಮುಗಿಯಬಹುದಾದದ್ದು ಇನ್ನೂರೈವತ್ತನ್ನು ದಾಟಿತು.

ಗೃಹಸ್ಥನು ಸಿಟ್ಟಾದನು, ಆಗುವುದು ಸಹಜ. ಉತ್ತರ ಕೊಡಲು ಬಂದ ನಮೂನೆಯಲ್ಲಿ ಪ್ರತಿವಾದಕ್ಕೆ ಒಂದು ಜಾಗ, ಪ್ರತಿದಾವೆಗೆ ಮತ್ತೊಂದು ಜಾಗ ಇರುತ್ತವೆ. ಮೊದಲನೆಯದರಲ್ಲಿ ಅವನು ಬರೆದದ್ದು ಆರೇಳು ಸಾಲು: ಫಲಕ ಕತ್ತಲೆಯಲ್ಲಿತ್ತು, ಕಾರು ಓಡಿಸಿದವರು ಯಾರೆಂದು ಹೇಳುವ ಬಾಧ್ಯತೆ ತನಗಿಲ್ಲ, 70 ಪೌಂಡಿಗೆ ಆಧಾರವಿಲ್ಲ. ಎರಡನೆಯದರಲ್ಲಿ ಅವನ ಹೃದಯವೆಲ್ಲ ಹರಿಯಿತು. ತನ್ನ ಹೆಸರು ವಿಳಾಸಗಳನ್ನು ಕಂಪನಿ ಅನ್ಯಾಯವಾಗಿ ಪಡೆಯಿತೆಂದೂ, ಪತ್ರಗಳಿಂದ ಹೆಂಡತಿಗೆ ನಿದ್ದೆ ಕೆಟ್ಟಿತೆಂದೂ, ಇದು ಕಿರುಕುಳವೆಂದೂ, ಒಟ್ಟು 500 ಪೌಂಡು ಪರಿಹಾರ ಕೊಡಿಸಬೇಕೆಂದೂ ಎರಡು ಪುಟ ಬರೆದು, ಅದಕ್ಕೆ ತಗಲುವ 50 ಪೌಂಡು ಶುಲ್ಕವನ್ನೂ ಕಟ್ಟಿದನು. ಪ್ರತಿದಾವೆ ಹೂಡುವವನೂ ದಾವೆ ಹೂಡಿದವನಂತೆಯೇ ಶುಲ್ಕ ಕಟ್ಟಬೇಕೆಂಬುದು ಅಲ್ಲಿಯ ಪದ್ಧತಿ.

ಕೆಲವು ತಿಂಗಳ ಮೇಲೆ, ಅವನ ಊರಿನ ಕೌಂಟಿ ಕೋರ್ಟಿನಿಂದ ಒಂದೇ ಪುಟದ ಆಜ್ಞೆ ಬರುತ್ತದೆ. ಇಂಥ ಆಜ್ಞೆಗಳ ಒಕ್ಕಣೆ ಸಾಮಾನ್ಯವಾಗಿ ಬಹಳ ಒಣಗಿದ್ದು: ಕಡತವನ್ನು ಪರಿಶೀಲಿಸಿ, ವಿಚಾರಣೆಯಿಲ್ಲದೆ, ಡಿಸ್ಟ್ರಿಕ್ಟ್ ಜಡ್ಜರು ಆಜ್ಞಾಪಿಸಿರುವುದೇನೆಂದರೆ, ಪ್ರತಿದಾವೆಯು ಯುಕ್ತ ಕಾರಣಗಳನ್ನು ತೋರಿಸದ ಕಾರಣ ಅದನ್ನು ಹೊಡೆದುಹಾಕಲಾಗಿದೆ, ದಾವೆಯನ್ನು ಸಣ್ಣ ಮೊತ್ತದ ವಿಭಾಗಕ್ಕೆ ಹಂಚಲಾಗಿದೆ, ಉಭಯ ಪಕ್ಷದವರು ವಿಚಾರಣೆಗೆ 14 ದಿನ ಮುಂಚೆ ತಮ್ಮ ದಾಖಲೆಗಳನ್ನು ಒಪ್ಪಿಸತಕ್ಕದ್ದು. ಕೆಳಗೆ ಇನ್ನೊಂದು ಸಾಲು, ಹಲವರ ಕಣ್ಣು ಅಲ್ಲಿಯವರೆಗೆ ಹೋಗುವುದೇ ಇಲ್ಲ: ಈ ಆಜ್ಞೆ ನ್ಯಾಯಾಲಯ ತಾನಾಗಿಯೇ ಮಾಡಿದ್ದಾದ್ದರಿಂದ, ಬಾಧಿತರಾದ ಪಕ್ಷದವರು ಇದನ್ನು ರದ್ದುಪಡಿಸಲು ಅಥವಾ ಮಾರ್ಪಡಿಸಲು, ಆಜ್ಞೆ ಕೈಸೇರಿದ ಏಳು ದಿನದೊಳಗೆ ಅರ್ಜಿ ಹಾಕಬಹುದು.

ಮೊದಲ ಸಾಲನ್ನು ಓದಿ ಅವನ ಎದೆ ಕುಸಿಯುತ್ತದೆ. ಮೊಕದ್ದಮೆಯೇ ಮುಗಿಯಿತು, ನ್ಯಾಯಾಧೀಶರು ತನ್ನನ್ನು ಸುಳ್ಳುಗಾರನೆಂದು ಬಗೆದರು, ನಾಳೆಯೇ ಹಣ ಕಟ್ಟಿಬಿಡುವುದು ಲೇಸು ಎನ್ನುವ ಭಾವನೆ ಬರುತ್ತದೆ. ಈ ಭಾವನೆ ತಪ್ಪು. ಇಂಗ್ಲೆಂಡಿನ ಸಿವಿಲ್ ಪ್ರಕ್ರಿಯಾ ನಿಯಮಗಳು ಲಾರ್ಡ್ ವುಲ್ಫ್ ಅವರ ವರದಿಯ ಫಲವಾಗಿ 1999ರ ಏಪ್ರಿಲ್ 26ರಂದು ಜಾರಿಗೆ ಬಂದುವಷ್ಟೆ. ಅವುಗಳ 20ನೆಯ ಭಾಗದ ಪ್ರಕಾರ ಪ್ರತಿದಾವೆ ಎಂಬುದು ಅದೇ ಕಡತದಲ್ಲಿ ಇದ್ದರೂ ತನ್ನ ಕಾಲ ಮೇಲೆ ನಿಂತ ಬೇರೊಂದು ದಾವೆ. ಅದು ಬಿದ್ದರೆ, ಪ್ರತಿವಾದಿಯು ವಾದಿಯಿಂದ ಹಣ ಕೇಳುವ ಹಕ್ಕು ಬಿದ್ದಿತು. ವಾದಿಯು ತನ್ನಿಂದ ಕೇಳುತ್ತಿರುವ ಹಣಕ್ಕೆ ಅವನು ಕೊಟ್ಟ ಉತ್ತರ ಹಾಗೆಯೇ ನಿಂತಿದೆ. ಆ ಆರೇಳು ಸಾಲುಗಳನ್ನು ಯಾರೂ ಮುಟ್ಟಲಿಲ್ಲ. ಕಂಪನಿ ಇನ್ನೂ ತನ್ನ ಕರಾರನ್ನು, ತನ್ನ ಅಧಿಕಾರವನ್ನು, ತನ್ನ ಫಲಕಗಳನ್ನು ಸಿದ್ಧಪಡಿಸಿ ತೋರಿಸಲೇಬೇಕು.

ಇಂಥ ಸಮಯದಲ್ಲಿ ಊರಿನ ಬಂಧುಗಳ ನೆನಪಾಗುತ್ತದೆ. ನಮ್ಮ ಗೃಹಸ್ಥನ ತಂಗಿಯ ಗಂಡ ಮೈಸೂರಿನಲ್ಲಿ ವಕೀಲರೆಂದು ಕಲ್ಪಿಸಿಕೊಳ್ಳಬಹುದು. ಆಜ್ಞೆಯ ಚಿತ್ರ ತೆಗೆದು ಕಳುಹಿಸಿದವನಿಗೆ ಅವರು, “ಭಾವ, ಹೋದದ್ದು ನಿಮ್ಮ ಕೌಂಟರ್ ಕ್ಲೇಮು. ನಿಮ್ಮ ತಕರಾರು ಎಲ್ಲಿಗೂ ಹೋಗಿಲ್ಲ. ಆಜ್ಞೆಯ ಕೆಳಗಿನ ಆ ಕೊನೆಯ ಸಾಲು ಹುಡುಕಿ, ಅದನ್ನು ಮೊದಲು ಓದಿ” ಎಂದಾರು. ನಮ್ಮ ದೇಶದ ಪ್ರಕ್ರಿಯಾ ಸಂಹಿತೆ ಬಲ್ಲ ವಕೀಲರಿಗೆ ಇದು ಹೊಸತಲ್ಲ. 1976ರ ತಿದ್ದುಪಡಿಯಿಂದ 8ನೆಯ ಆದೇಶದಲ್ಲಿ ಸೇರಿದ 6-ಎ ನಿಯಮ ಪ್ರತಿದಾವೆಯನ್ನು ವಾದಪತ್ರಕ್ಕೆ ಸಮನಾಗಿ ಎಣಿಸುತ್ತದೆ; ಮೂಲ ದಾವೆ ವಜಾ ಆದರೂ ಪ್ರತಿದಾವೆ ನಡೆಯಬಹುದೆಂದು 6-ಡಿ ಹೇಳುತ್ತದೆ. ಒಂದರ ಮರಣದಿಂದ ಮತ್ತೊಂದು ಸಾಯುವುದಿಲ್ಲವೆಂಬ ತತ್ತ್ವ ಎರಡು ದೇಶಗಳಲ್ಲಿಯೂ ಒಂದೇ.

ಇನ್ನು ಆ ಏಳು ದಿನಗಳ ಪ್ರಶ್ನೆ. ಆಜ್ಞೆಯನ್ನು ರದ್ದುಪಡಿಸಿಕೊಳ್ಳಲು ಎನ್ 244 ಎಂಬ ನಮೂನೆಯಲ್ಲಿ ಅರ್ಜಿ ಹಾಕಬೇಕು. ಎದುರು ಪಕ್ಷಕ್ಕೆ ತಿಳಿಸಿ ವಿಚಾರಣೆ ನಡೆಸಬೇಕಾದ ಇಂಥ ಅರ್ಜಿಯ ಶುಲ್ಕ 2024ರ ದರದಲ್ಲಿ 303 ಪೌಂಡು ಆಗಿತ್ತು. 500 ಪೌಂಡಿನ ಪ್ರತಿದಾವೆಯನ್ನು ಬದುಕಿಸಲು 303 ಕಟ್ಟುವುದು ಯುಕ್ತವೆ ಎಂಬುದನ್ನು ಅವನು ಸಿಟ್ಟು ಇಳಿದ ಮೇಲೆ, ಕಾಗದ ಪೆನ್ಸಿಲು ಹಿಡಿದು ನಿರ್ಧರಿಸಬೇಕು. ನನ್ನ ಮಟ್ಟಿಗೆ, ಹೊಡೆದುಹಾಕಲು ಕೊಟ್ಟ ಕಾರಣವೇನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಶುಲ್ಕ ಕಟ್ಟಿದ್ದರೂ ಕಟ್ಟಿಲ್ಲವೆಂದು ಕಚೇರಿಯ ಗುಮಾಸ್ತರು ಬಗೆದು ಪ್ರತಿದಾವೆ ಬಿದ್ದಿದ್ದರೆ, ರಸೀತಿಯ ಪ್ರತಿಯೊಡನೆ ಒಂದು ವಿನಯದ ಪತ್ರವನ್ನು ಒಡನೆಯೇ ಬರೆಯಬೇಕು. ಕಚೇರಿಯ ಪ್ರಮಾದ ಕಚೇರಿಯ ಕೈಯಿಂದಲೇ ಸರಿಹೋಗುವ ಸಂಭವ ಉಂಟು, ಆದರೆ ಆ ಪತ್ರವನ್ನು ನೆಚ್ಚಿ ಏಳು ದಿನ ಕಳೆಯಲು ಬಿಡಕೂಡದು. ವಿವರ ಸಾಲದೆಂದು ಬಿದ್ದಿದ್ದರೆ, ತಿದ್ದಿದ ಪ್ರತಿಯೊಂದನ್ನು ಅರ್ಜಿಗೆ ಲಗತ್ತಿಸಿ ಕೇಳಬಹುದು. ಬರಿಯ ಗೋಳು ಸಾಲದು. ಕಾರಣವೇ ಇಲ್ಲವೆಂದು ಬಿದ್ದಿದ್ದರೆ, ಬಿದ್ದುದು ಏತಕ್ಕೆಂದು ನಿಷ್ಪಕ್ಷಪಾತವಾಗಿ ಯೋಚಿಸತಕ್ಕದ್ದು.

ಏತಕ್ಕೆ ಬೀಳುತ್ತದೆ? ಹೆಸರು ವಿಳಾಸಗಳ ಮಾತನ್ನೇ ತೆಗೆದುಕೊಳ್ಳಿ. ದತ್ತಾಂಶ ರಕ್ಷಣೆಯ ಕಾನೂನು ಮನೋವ್ಯಥೆಗೂ ಪರಿಹಾರ ಕೊಡುತ್ತದೆಂಬುದು ನಿಜ. 2018ರ ಅಧಿನಿಯಮ ಅದನ್ನು ಬಾಯಿಬಿಟ್ಟೇ ಹೇಳುತ್ತದೆ. ಆದರೆ ನಿಲುಗಡೆಯ ಕರಾರು ಮುರಿದನೆಂದು ನಂಬಲು ಕಂಪನಿಗೆ ಸಕಾರಣವಿದ್ದರೆ, ನೋಂದಣಿ ಇಲಾಖೆಯಿಂದ ವಿಳಾಸ ಪಡೆಯಲು ಅದಕ್ಕೆ ದಾರಿ ತೆರೆದಿದೆ; ಕಡೆಗೆ ದಾವೆ ಸೋತರೂ ಪಡೆದದ್ದು ಅಪರಾಧವಾಗಲಾರದು. ಹಾಗೆಯೇ, ಕಾನೂನು ಮುರಿದರೆಂದ ಮಾತ್ರಕ್ಕೆ ಹಣ ಬರುವುದಿಲ್ಲ, ನಷ್ಟವೊ ವ್ಯಥೆಯೊ ಆದದ್ದನ್ನು ಸಿದ್ಧಪಡಿಸಬೇಕು. ಹಿಂದಿನ 1998ರ ಅಧಿನಿಯಮದ ವಿಷಯವಾಗಿ ಗೂಗಲ್ ಕಂಪನಿಯ ಮೇಲಿನ ಮೊಕದ್ದಮೆಯಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಮಾತನ್ನು ಖಚಿತಪಡಿಸಿತು. ‘ನನಗೆ ತುಂಬ ಬೇಸರವಾಯಿತು, 500 ಪೌಂಡು ಕೊಡಿಸಿ’ ಎಂಬ ವಾಕ್ಯದಲ್ಲಿ ದಿನಾಂಕವಿಲ್ಲ, ಘಟನೆಯಿಲ್ಲ, ಕಾನೂನಿನ ಕಟ್ಟಡಕ್ಕೆ ಬೇಕಾದ ಒಂದು ಇಟ್ಟಿಗೆಯೂ ಇಲ್ಲ.

ಹೊಡೆದುಹಾಕಿರೆಂಬ ಬೇಡಿಕೆಯನ್ನು ಎದುರಿಸಿ ಉಳಿದ ಒಂದು ದಾವೆಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಫರ್ಗ್ಯುಸನ್ ಎಂಬ ಮಹಿಳೆ ತನ್ನ ಅನಿಲ ಪೂರೈಕೆಯನ್ನು ಬ್ರಿಟಿಷ್ ಗ್ಯಾಸ್ ಕಂಪನಿಯಿಂದ ಬೇರೆಯವರಿಗೆ ಬದಲಾಯಿಸಿಕೊಂಡಿದ್ದರೂ, ಆ ಕಂಪನಿಯಿಂದ ಬಿಲ್ಲುಗಳೂ, ಅನಿಲ ನಿಲ್ಲಿಸುವೆವು, ಕೋರ್ಟಿಗೆ ಎಳೆಯುವೆವು, ಸಾಲಗಾರರ ಪಟ್ಟಿಯಲ್ಲಿ ಸೇರಿಸುವೆವು ಎಂಬ ಬೆದರಿಕೆ ಪತ್ರಗಳೂ ತಿಂಗಳುಗಟ್ಟಲೆ ಬರುತ್ತಲೇ ಇದ್ದುವು. ತನಗೂ ಆ ಕಂಪನಿಗೂ ಯಾವ ಬಾಕಿಯೂ ಇಲ್ಲವೆಂದು ಆಕೆ ಮತ್ತೆ ಮತ್ತೆ ಬರೆದರು. ಉತ್ತರ ಬಾರದೆಯೂ, ಬಂದ ಆಶ್ವಾಸನೆ ನಡೆಯದೆಯೂ ಹೋಯಿತು. 1997ರ ಕಿರುಕುಳ ತಡೆ ಅಧಿನಿಯಮದ ಮೇರೆಗೆ ಹೂಡಿದ ದಾವೆಯನ್ನು ಆರಂಭದಲ್ಲೇ ಹೊಡೆದುಹಾಕಬೇಕೆಂದು ಕಂಪನಿ ಕೇಳಿತು. ಪತ್ರಗಳು ಗಣಕಯಂತ್ರದಿಂದ ತಾವಾಗಿಯೇ ಹೊರಟವು, ಅಂಥವನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ ಎಂಬುದು ಅದರ ವಾದಗಳಲ್ಲಿ ಒಂದು. ಯಂತ್ರಕ್ಕೆ ಮಾಹಿತಿ ಉಣಿಸುವವರು ಮನುಷ್ಯರೇ ಎಂದು ಹೇಳಿ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಆ ಬೇಡಿಕೆಯನ್ನು ತಿರಸ್ಕರಿಸಿತು. ಆ ದಾವೆ ಉಳಿದದ್ದು ಪತ್ರಗಳ ಸರಣಿ, ಅವಕ್ಕೆ ಕೊಟ್ಟ ಉತ್ತರಗಳು, ಋಣವೇ ಇರಲಿಲ್ಲವೆಂಬ ಅಂಶ ಇಷ್ಟನ್ನೂ ಕ್ರಮವಾಗಿ ಬರೆದಿದ್ದರಿಂದ. ನಮ್ಮ ಗೃಹಸ್ಥನ ಬಳಿ ಅಂಥ ಸಾಮಗ್ರಿಯಿದ್ದರೆ 303 ಪೌಂಡಿನ ವಿಚಾರ ಮಾಡಲಿ. ವಾಸ್ತವವಾಗಿ ಬಾಕಿಯ ಬಗ್ಗೆ ತಕರಾರಿರುವಾಗ ಬಂದ ನಾಲ್ಕೈದು ಜ್ಞಾಪನಪತ್ರಗಳಷ್ಟೇ ಇದ್ದರೆ, ಆ ಹಣದಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಪ್ರವಾಸ ಹೋಗಿಬರುವುದು ಒಳಿತು.

ಅರ್ಜಿ ಹಾಕುವ ಬದಲು ಅದೇ ವಿಷಯವನ್ನು ಹೊಸ ದಾವೆಯಾಗಿ ಹೂಡಿಬಿಡೋಣವೆಂಬ ಉಪಾಯ ಕೆಲವರಿಗೆ ಹೊಳೆಯುತ್ತದೆ. ಶುಲ್ಕದ ದೋಷದಿಂದ ಬಿದ್ದುದಕ್ಕೆ ಅದು ಒಂದು ವೇಳೆ ಸಲ್ಲಬಹುದು. ಸತ್ತ್ವವಿಲ್ಲವೆಂದು ಬಿದ್ದುದನ್ನು ಬೇರೆ ಅಂಗಿ ತೊಡಿಸಿ ಮತ್ತೆ ತಂದರೆ, ನ್ಯಾಯಾಲಯದ ಪ್ರಕ್ರಿಯೆಯ ದುರುಪಯೋಗವೆಂಬ ಮಾತು ಬರುತ್ತದೆ; ತೀರ ನಿರಾಧಾರವೆಂದು ನ್ಯಾಯಾಧೀಶರಿಗೆ ತೋರಿದರೆ ಹಾಗೆಂದು ಆಜ್ಞೆಯಲ್ಲಿಯೇ ದಾಖಲಿಸುವ ಕರ್ತವ್ಯವೂ ಅವರ ಮೇಲಿದೆ.

ಹಾಗಾದರೆ ಆ ಎರಡು ಪುಟಗಳ ಗತಿ? ಅವುಗಳಲ್ಲಿದ್ದ ಸಂಗತಿಗಳೆಲ್ಲ ನಿಷ್ಪ್ರಯೋಜಕವಾಗಿಲ್ಲ. 16ನೆಯ ಭಾಗದ 6ನೆಯ ನಿಯಮದಂತೆ, ವಾದಿಯಿಂದ ತನಗೆ ಬರತಕ್ಕ ಹಣವಿದೆಯೆಂದು ತೋರಿಸಿ ಅದನ್ನು ವಾದಿಯ ಬೇಡಿಕೆಗೆ ವಜಾ ಹಾಕಿಕೊಳ್ಳಬಹುದು. ಇದಕ್ಕೆ ಪ್ರತ್ಯೇಕವಾದ ಪ್ರತಿದಾವೆ ಬೇಕೆಂದಿಲ್ಲ. ಆದಾಗ್ಯೂ ಆಧಾರವೇ ಇಲ್ಲವೆಂದು ಬಿದ್ದ ಸಂಗತಿಗೆ ಈ ಬಾಗಿಲಿನಿಂದಲೂ ಪ್ರವೇಶ ದೊರೆಯುವುದು ಅಪರೂಪ. ಹೆಚ್ಚು ಫಲಕಾರಿಯಾದದ್ದು ಸಾಕ್ಷಿಹೇಳಿಕೆ. ಪತ್ರಗಳು ಬಂದ ದಿನಾಂಕಗಳನ್ನು ಅವನು ವ್ಯಥೆಯ ಪುರಾವೆಯಾಗಿ ಬರೆದಿದ್ದನಷ್ಟೆ. ಅವುಗಳನ್ನೇ ಮತ್ತೊಮ್ಮೆ ನೋಡಿದರೆ, ಮೊದಲ ನೋಟೀಸು 14 ದಿನ ಮೀರಿ ಬಂದಿತೆಂಬುದು ಕಾಣಬಹುದು. ಆಗ ನೋಂದಾಯಿತನೆಂಬ ನೆಲೆಯಲ್ಲಿ ಅವನನ್ನು ಹೊಣೆಮಾಡುವ ಅಸ್ತ್ರವೇ ಕಂಪನಿಯ ಕೈಯಿಂದ ಜಾರುತ್ತದೆ. ವಿಳಾಸ ಪಡೆದ ರೀತಿ ತಪ್ಪೆಂದು ಬರೆದ ಕಡೆ, ನೆಲದ ಒಡೆಯನೊಡನೆ ಕಂಪನಿಗಿರುವ ಒಪ್ಪಂದ ಆ ದಿನ ಊರ್ಜಿತವಿತ್ತೆ ಎಂಬ ಪ್ರಶ್ನೆಯಿರುತ್ತದೆ. ಅದು ಪ್ರತಿವಾದದ ಪ್ರಶ್ನೆ. 70 ಪೌಂಡಿನ ಮೇಲೆ ಕಾರಿದ ಕೋಪವನ್ನು ಎರಡು ವಾಕ್ಯಕ್ಕೆ ಇಳಿಸಿದರೆ ಅದೂ ಬಲವಾದ ಅಂಶ: ನೋಂದಾಯಿತನಿಂದ ನೋಟೀಸಿನ ಮೊತ್ತಕ್ಕಿಂತ ಹೆಚ್ಚು ಕೇಳಕೂಡದೆಂದು ಅನುಸೂಚಿ ಹೇಳುತ್ತದೆ, ಬೀವಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 85 ಪೌಂಡನ್ನು ಎತ್ತಿಹಿಡಿದುದು, ವ್ಯವಸ್ಥೆಯ ಖರ್ಚು ಆ ಮೊತ್ತದೊಳಗಿಂದಲೇ ನಡೆಯುತ್ತದೆಂಬ ತಿಳಿವಿನಿಂದ. ಹೆಂಡತಿಯ ನಿದ್ದೆಯ ಮಾತನ್ನು ಮಾತ್ರ ಬಿಟ್ಟುಬಿಡಬೇಕು. ಅದು ಸತ್ಯವೇ ಇರಬಹುದು, ಆದರೆ ವಿಚಾರಣೆಯ ದಿನ ಅದನ್ನು ಮತ್ತೆ ಎತ್ತಿದರೆ, ತೀರ್ಮಾನವಾದುದನ್ನು ಕೆದಕುತ್ತಿದ್ದಾನೆಂದು ಜಡ್ಜರು ಗಡಿಯಾರದ ಕಡೆ ನೋಡುತ್ತಾರೆ. ಸಣ್ಣ ಮೊತ್ತದ ವಿಚಾರಣೆಗೆ ಇಡುವ ಹೊತ್ತು ಹೆಚ್ಚಲ್ಲ.

ಪ್ರತಿದಾವೆ ಬಿದ್ದುದರಿಂದ ಅವನು ನಿಜವಾಗಿ ಕಳೆದುಕೊಂಡದ್ದು ಒಂದುಂಟು. ಅದನ್ನು ಮರೆಮಾಚುವುದು ಸರಿಯಲ್ಲ. ವಿಚಾರಣೆ ಸಮೀಪಿಸಿ, ಕೋರ್ಟು 27 ಪೌಂಡಿನಿಂದ ಮೇಲಕ್ಕೆ ಇರುವ ವಿಚಾರಣಾ ಶುಲ್ಕ ಕೇಳುವ ಹೊತ್ತಿಗೆ, ಎದುರಾಳಿ ಜಗ್ಗದವನೆಂದು ಕಂಡರೆ ಕಂಪನಿಗಳು ದಾವೆಯನ್ನು ಹಿಂತೆಗೆದುಕೊಳ್ಳುವುದುಂಟು. ಜೀವಂತ ಪ್ರತಿದಾವೆಯಿದ್ದರೆ ಹಿಂತೆಗೆದುಕೊಂಡರೂ ಕಂಪನಿ ಕೋರ್ಟಿಗೆ ಬಂದು ಉತ್ತರ ಹೇಳಲೇಬೇಕಾಗುತ್ತಿತ್ತು. ಈಗ ಅದು ಹಿಂತೆಗೆದುಕೊಂಡರೆ ಕಡತ ಮುಚ್ಚುತ್ತದೆ. ಬೇರೆ ವಿಭಾಗಗಳಲ್ಲಿ ಹಿಂತೆಗೆದವನು ಖರ್ಚು ಕೊಡಬೇಕೆಂಬ ನಿಯಮ ಸಣ್ಣ ಮೊತ್ತದ ದಾವೆಗಳಿಗೆ ಅನ್ವಯಿಸದು. ಗೃಹಸ್ಥನಿಗೆ ಗೆದ್ದೆನೆಂಬ ತೃಪ್ತಿಯೂ ಇಲ್ಲ, ಪ್ರತಿದಾವೆಗೆ ಕಟ್ಟಿದ 50 ಪೌಂಡೂ ಇಲ್ಲ. ಪ್ರತಿದಾವೆಯನ್ನು ಬಹಳ ಜನ ಹೂಡುವುದು ಈ ತಂತ್ರಕ್ಕಾಗಿಯೇ ಎಂಬುದು ನ್ಯಾಯಾಧೀಶರಿಗೆ ತಿಳಿಯದ ವಿಷಯವಲ್ಲ.

2024ರ ಮೇ ತಿಂಗಳಿಂದೀಚೆಗೆ ವಿಚಾರಣೆಗೆ ಮೊದಲು ದೂರವಾಣಿಯಲ್ಲಿ ಒಂದು ಗಂಟೆಯ ರಾಜಿ ಮಾತುಕತೆ ಸಣ್ಣ ಮೊತ್ತದ ಹಣದ ದಾವೆಗಳಲ್ಲಿ ಕಡ್ಡಾಯವಾಗಿದೆ. ಮಧ್ಯಸ್ಥರು ಎರಡೂ ಕಡೆಯವರನ್ನು ಬೇರೆ ಬೇರೆಯಾಗಿ ಮಾತನಾಡಿಸುತ್ತಾರೆ. ಒಪ್ಪಲೇಬೇಕೆಂಬ ಬಲವಂತವಿಲ್ಲ, ಕರೆಯನ್ನು ತೆಗೆದುಕೊಳ್ಳದಿರುವುದು ಮಾತ್ರ ಅಪಾಯ.

ರಾಜಿಯಾಗದೆ ವಿಚಾರಣೆಯ ದಿನ ಬಂದಿತೆನ್ನೋಣ. ನಮ್ಮಲ್ಲಿ ಕೋರ್ಟೆಂದೊಡನೆ ಕಣ್ಣಿಗೆ ಕಟ್ಟುವ ಎತ್ತರದ ಪೀಠ, ಕರಿಯ ನಿಲುವಂಗಿ, ಹೆಸರು ಕೂಗುವ ಜವಾನ ಇವು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕೊಠಡಿ, ಉದ್ದನೆಯ ಮೇಜು, ಅದರ ತಲೆಯಲ್ಲಿ ಮಾಮೂಲಿನ ಉಡುಪಿನ ಡಿಸ್ಟ್ರಿಕ್ಟ್ ಜಡ್ಜರು; ಅವರನ್ನು ‘ಜಡ್ಜ್’ ಎಂದು ಕರೆದರೆ ಸಾಕೆಂದು 2022ರಿಂದ ಗೊತ್ತುಮಾಡಿದ್ದಾರೆ. ಸಾಕ್ಷ್ಯದ ಕಟ್ಟುನಿಟ್ಟಾದ ನಿಯಮಗಳು ಸಣ್ಣ ಮೊತ್ತದ ವಿಭಾಗಕ್ಕೆ ಇಲ್ಲ. ನ್ಯಾಯವೆಂದು ತೋರಿದ ಯಾವ ಕ್ರಮವನ್ನಾದರೂ ಜಡ್ಜರು ಅನುಸರಿಸಬಹುದು. ಕಂಪನಿಯ ಕಡೆಯಿಂದ ಬಂದ ಯುವ ವಕೀಲರು, ಅನೇಕ ವೇಳೆ ಹಿಂದಿನ ಸಂಜೆ ಕಾಗದಗಳನ್ನು ಕಂಡವರು, ತಮ್ಮ ಕಡತದ ಪುಟಗಳನ್ನು ಮಗುಚುತ್ತಿರುತ್ತಾರೆ. ಅವರು ಮಾತಿಗೆ ಮೊದಲು, ‘ಪ್ರತಿವಾದಿಯ ಪ್ರತಿದಾವೆಯನ್ನು ಈಗಾಗಲೇ ಹೊಡೆದುಹಾಕಲಾಗಿದೆ’ ಎಂದು ಹೇಳಿ, ಅವನ ಪ್ರತಿವಾದವೂ ಅದೇ ಜಾತಿಯದೆಂಬ ಭಾವನೆ ಹುಟ್ಟಿಸಲು ಯತ್ನಿಸಬಹುದು. ಅದಕ್ಕೆ ದೀರ್ಘವಾದ ಉತ್ತರ ಬೇಡ: ಹೌದು ಜಡ್ಜ್, ಆ ಆಜ್ಞೆಯನ್ನು ನಾನು ಒಪ್ಪಿಕೊಂಡಿದ್ದೇನೆ, ಇಂದು ನನ್ನ ಪ್ರತಿವಾದವನ್ನಷ್ಟೇ ನೆಚ್ಚಿದ್ದೇನೆ ಎಂದರೆ ಸಾಕು. ತರುವಾಯ, ರಾತ್ರಿಯ ಹೊತ್ತು ಫಲಕ ಹೇಗೆ ಕಾಣುತ್ತದೆಂಬ ತನ್ನ ಛಾಯಾಚಿತ್ರವನ್ನೂ, ಕಂಪನಿ ಒಪ್ಪಿಸಿದ, ನಡುಹಗಲಿನಲ್ಲಿ ತೆಗೆದ ಚಿತ್ರವನ್ನೂ ಅಕ್ಕಪಕ್ಕದಲ್ಲಿ ಮೇಜಿನ ಮೇಲೆ ಇಡಲಿ.

ಗೆದ್ದರೆ, ಜಡ್ಜರು ಖರ್ಚಿನ ಮಾತೆತ್ತುತ್ತಾರೆ. ಪ್ರಯಾಣದ ವೆಚ್ಚವನ್ನೂ, ಆ ದಿನದ ಸಂಬಳ ಹೋದುದಕ್ಕೆ 95 ಪೌಂಡಿನವರೆಗೂ ಕೇಳಬಹುದು. ಕಚೇರಿಯಿಂದ ಒಂದು ಪತ್ರ ತಂದಿದ್ದರೆ ಸುಲಭ. ಅದಕ್ಕೆ ಮೀರಿ ಕೇಳಬೇಕಾದರೆ ಎದುರು ಪಕ್ಷ ಅಯುಕ್ತವಾಗಿ ವರ್ತಿಸಿತೆಂದು ತೋರಿಸಬೇಕು. ಆ ಕತ್ತಿಗೆ ಎರಡೂ ಕಡೆ ಅಲಗು, ಹೊಡೆದುಹಾಕಿದ ಪ್ರತಿದಾವೆಯ ಕಡೆ ವಕೀಲರು ಬೆರಳು ತೋರಿಸಿದರೆ ಆಶ್ಚರ್ಯಪಡಬೇಕಿಲ್ಲ. ಸೋತರೆ, ಮೇಲ್ಮನವಿಗೆ 21 ದಿನದೊಳಗೆ ಅನುಮತಿ ಕೇಳಬೇಕು. ಕಾನೂನಿನ ತಪ್ಪೊಂದನ್ನು ಬೆರಳಿಟ್ಟು ತೋರಿಸಲು ಆಗದಿದ್ದರೆ ಆ ದಾರಿಯಲ್ಲಿ ಹೋಗುವುದು ವ್ಯರ್ಥ. 70 ಪೌಂಡನ್ನು ಜಡ್ಜರು ಕಡಿದಿರಬಹುದು, ಆಗ ತೆರಬೇಕಾದ್ದು ಇನ್ನೂರರ ಆಸುಪಾಸಿಗೆ ಇಳಿಯುತ್ತದೆ. ಅದನ್ನು ತೀರ್ಪಿನಲ್ಲಿ ಹೇಳಿದ ಗಡುವಿನೊಳಗೆ ಕಟ್ಟಿ, ಕಟ್ಟಿದ ದಾಖಲೆಯನ್ನು ಇಟ್ಟುಕೊಳ್ಳಬೇಕು. ತಿಂಗಳೊಳಗೆ ಪೂರ್ತಿ ಸಂದಾಯವಾದ ತೀರ್ಪು ಅಲ್ಲಿಯ ಸಾರ್ವಜನಿಕ ವಹಿಯಲ್ಲಿ ಉಳಿಯುವುದಿಲ್ಲ. ಕಟ್ಟದೆ ಬಿಟ್ಟು ವಹಿಗೆ ಏರಿದ್ದು ಆರು ವರ್ಷ ನಿಲ್ಲುತ್ತದೆ, ಮನೆ ಕೊಳ್ಳಲು ಬ್ಯಾಂಕಿಗೆ ಹೋದಾಗ ಮೊದಲು ಕಾಣುವುದು ಅದೇ.